ತಾನಾಗಿ ಹುಟ್ಟಿದ ಕಾಳುಮೆಣಸಿನ ಸಸಿಗಳನ್ನು ನಾಟಿಗೆ ಬಳಸಬಹುದೇ?

ಅಡಿಕೆತೋಟ:
ಪಣಿಯೂರು-1 ತಳಿಯ ಮೆಣಸಿನ ಬಳ್ಳಿ ಹಬ್ಬಿರುವ ಅಡಿಕೆ ಮರಗಳ ಬುಡದಲ್ಲಿ ಉದುರಿದ ಕಾಳಿನಿಂದ ಸಸಿಗಳು ಎದ್ದಿವೆ. ಇವನ್ನೇ ಕಿತ್ತು ನೆಟ್ಟರೆ ತಾಯಿಬಳ್ಳಿಯ ಹಾಗೆಯೇ ಫಸಲು ಬರುತ್ತದೆಯೇ? ಇನ್ನೊಂದು ಸಂದೇಹ: ಫಸಲು ಬಿಡುವ ಅಡ್ಡರೆಂಬೆ ಕತ್ತರಿಸಿ ನೆಟ್ಟ ಗಿಡ ಚೆನ್ನಾಗಿ ಚಿಗುರಿದೆ, ಆದರೆ ಮರ ಹತ್ತುತ್ತಿಲ್ಲ. ಯಾಕೆ?

ಬಳ್ಳಿಬೇರು:
ಬೀಜದ ಸಸಿ ನಾಟಿಗೆ ಬೇಡ. ಪಣಿಯೂರು-1 ಸ್ವತಃ ಮಿಶ್ರತಳಿ. ಉದಿರಂಕೊಟ್ಟ ತಳಿಯ ಬಳ್ಳಿಗೆ ಚೆರಿಯಕಣಿಯಕ್ಕಾಡನ್ ತಳಿಯ ಪರಾಗ ಸೇರಿಸಿ ಪಡೆದದ್ದು. ಮೆಣಸಿನ ಜೀವಕೋಶದಲ್ಲಿ 52 ವರ್ಣತಂತುಗಳು, ಪರಾಗದಲ್ಲೂ ಅಂಡದಲ್ಲೂ 26. ಹಾಗೆ ಅರ್ಧವಾಗುವಾಗ ತಳಿಗುಣಗಳು ಕಲಸಿಹೋಗುತ್ತವೆ. ಅದೇ ಬಳ್ಳಿಯ ಪರಾಗ ಅದೇ ಬಳ್ಳಿಯ ಹೂವಿಗೆ ಬಿದ್ದಿದ್ದರೂ ಸಸಿಗಳು ಒಂದರಂತೆ ಒಂದು ಇರುವುದಿಲ್ಲ. ಕೆಲವು ಬರೀ ಹೆಣ್ಣುಹೂ ಬಿಡುವ ಬಳ್ಳಿಗಳಾಗಬಹುದು. ಕದಿರು ಬಂದ ಮೇಲೆ ಲೆನ್ಸ್ ಹಿಡಿದು ನೋಡಿ: ನಕ್ಷತ್ರದ ಹಾಗೆ ಸೀಳಿದ ಶಲಾಕಾಗ್ರದ (ಹೂವಿನಲ್ಲಿ ಪರಾಗ ಹಿಡಿಯುವ ತುದಿ) ಬದಿಯಲ್ಲಿ ಎರಡು ಪುಟ್ಟ ಪರಾಗಕೋಶಗಳಿದ್ದರೆ ದ್ವಿಲಿಂಗಿ ಹೂ, ಇಲ್ಲದಿದ್ದರೆ ಹೆಣ್ಣು. ಹೆಣ್ಣುಹೂವೇ ಹೆಚ್ಚಾದರೆ ಕದಿರಿನಲ್ಲಿ ಕಾಳು ಕಟ್ಟದೆ ಜಾಗ ಖಾಲಿ ಉಳಿಯುತ್ತದೆ. ಇದು ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಹೊಸ ತಳಿ ಹುಡುಕುವವರಿಗೆ ಮಾತ್ರ ಬೀಜ ಬೇಕು.

ದ್ವಿಲಿಂಗಿ ಹೂವಿನಲ್ಲೂ ಶಲಾಕಾಗ್ರ ಮೊದಲು ಸಿದ್ಧವಾಗುತ್ತದೆ, ಪರಾಗ ಆಮೇಲೆ ಉದುರುತ್ತದೆ. ಇಳಿಬಿದ್ದ ಕದಿರಿನ ಮೇಲೆ ಜಾರುವ ಮಳೆಹನಿ ಪರಾಗವನ್ನು ಕೆಳಗಿನ ಹೂಗಳಿಗೆ ಒಯ್ಯುತ್ತದೆ. ಹೂ ಬಿಟ್ಟಾಗ ಮಳೆ ಕೈಕೊಟ್ಟರೆ ಒಳ್ಳೆಯ ತಳಿಯಲ್ಲೂ ಕಾಳು ಕಡಿಮೆ. ಹಾಗಾಗಿ ಒಂದೇ ವರ್ಷದ ಖಾಲಿ ಕದಿರು ನೋಡಿ ಬಳ್ಳಿಯನ್ನು ದೂರಬೇಡಿ.

ಕುಡಿಕಟ್ಟು:
ಎರಡನೆಯ ಪ್ರಶ್ನೆಗೆ: ಅಡ್ಡರೆಂಬೆಯ ಗಂಟಿನಲ್ಲಿ ಮರಕ್ಕೆ ಅಂಟುವ ಬೇರು ಬರುವುದಿಲ್ಲ. ಕತ್ತರಿಸಿ ನೆಟ್ಟರೂ ಅದು ರೆಂಬೆಯ ಗುಣವನ್ನೇ ಉಳಿಸಿಕೊಂಡು ಪೊದೆಯಾಗುತ್ತದೆ. ಅದೇ ಬುಷ್ ಪೆಪ್ಪರ್. ನೆಟ್ಟದ್ದನ್ನು ಕೀಳಬೇಡಿ, ದೊಡ್ಡ ಕುಂಡಕ್ಕೆ ಹಾಕಿ. ಎತ್ತರ ಹೋಗದೆಯೇ ಕದಿರು ಬಿಡುತ್ತದೆ.

ಮರಕ್ಕೆ ಹತ್ತಿಸಲು ಬುಡದಿಂದ ನೆಲದ ಮೇಲೆ ಹರಿಯುವ ಬಳ್ಳಿ ಬೇಕು. ಅದನ್ನು ಮೊದಲೇ ಗೂಟಕ್ಕೆ ಸುತ್ತಿಡಿ, ಮಣ್ಣಿಗೆ ತಾಗಲು ಬಿಟ್ಟರೆ ಗಂಟುಗಂಟಿಗೂ ಬೇರೂರುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಕತ್ತರಿಸಿ, ಎಳೆಯ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು ನಡುಭಾಗವನ್ನು 2–3 ಗಂಟಿನ ತುಂಡು ಮಾಡಿ. ಎಲೆ ತೆಗೆಯುವಾಗ ತೊಟ್ಟು ಸ್ವಲ್ಪ ಉಳಿಸಿ. ಬೇರು ಬರಿಸುವ ಹಾರ್ಮೋನ್ ಐಬಿಎಯ 1,000 ಪಿಪಿಎಂ ದ್ರಾವಣದಲ್ಲಿ, ಅಂದರೆ ಲೀಟರಿಗೆ 1 ಗ್ರಾಂ, ಬುಡವನ್ನು 45 ಸೆಕೆಂಡ್ ಅದ್ದಿ. ಐಬಿಎ ನೀರಿಗೆ ನೇರವಾಗಿ ಕರಗದು, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿಕೊಳ್ಳಿ. 2 ಪಾಲು ಮಣ್ಣು, 1 ಪಾಲು ಮರಳು, 1 ಪಾಲು ಕೊಟ್ಟಿಗೆ ಗೊಬ್ಬರದ ಚೀಲದಲ್ಲಿ ಕನಿಷ್ಠ ಒಂದು ಗಂಟು ಮಣ್ಣೊಳಗೆ ಇರುವಂತೆ ನೆಟ್ಟು ನೆರಳಲ್ಲಿಡಿ. ಚೀಲದಲ್ಲಿ ನೀರು ನಿಂತರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಮುಂಗಾರು ಹಿಡಿದ ಮೇಲೆ ತೋಟಕ್ಕೆ.

ಅಡಿಕೆತೋಟ:
ಅಂದರೆ ತುಂಡು ಬಳ್ಳಿ ಪೂರ್ತಿ ತಾಯಿಯದೇ ನಕಲು, ಅಲ್ಲವೇ? ಹೆಚ್ಚು ಫಸಲಿನ ಯಾವ ಬಳ್ಳಿಯಾದರೂ ಆಗುತ್ತದೆಯೇ?

ಬಳ್ಳಿಬೇರು:
ನಕಲೇ, ಆದ್ದರಿಂದಲೇ ರೋಗವೂ ಜೊತೆಗೆ ಬರುತ್ತದೆ. ಎಲೆ ಚಿಕ್ಕದಾಗಿ ಮುರುಟಿ ಹಳದಿ ಮಚ್ಚೆ ಇದ್ದು, ಗಂಟಿನಿಂದ ಗಂಟಿಗೆ ಅಂತರ ಕುಗ್ಗಿದ್ದರೆ ವೈರಸ್ ಇರುವ ಲಕ್ಷಣ. ಅಂಥ ಬಳ್ಳಿಯಿಂದ ಒಂದು ತುಂಡೂ ತೆಗೆಯಬೇಡಿ, ಯಾವ ಔಷಧಕ್ಕೂ ಅದು ಬಗ್ಗುವುದಿಲ್ಲ. ಕತ್ತರಿಯನ್ನೂ ಬಳ್ಳಿಯಿಂದ ಬಳ್ಳಿಗೆ ಹೋಗುವಾಗ ಶುದ್ಧ ಮಾಡಿ. ಸೊರಗು ರೋಗ ಬಂದ ತಾಕಿನ ನೆಲಬಳ್ಳಿಯೂ ಬೇಡ, ಅದನ್ನು ತರುವ ಸೂಕ್ಷ್ಮಜೀವಿ ಮಣ್ಣಿನಲ್ಲೇ ಇರುತ್ತದೆ. ಈಗಲೇ, ಕಾಳು ತುಂಬಿರುವಾಗಲೇ, ಗುರುತು ಹಾಕಿಟ್ಟುಕೊಳ್ಳಿ. ಕೊಯ್ಲಾದ ಮೇಲೆ ಯಾವುದು ಒಳ್ಳೆಯ ಬಳ್ಳಿ ಎಂದು ಹೇಳುವುದು ಕಷ್ಟ.