ಧ್ಯಾನದಿಂದ ಒಸಿಡಿ ಹಿಡಿತಕ್ಕೆ ಬಂದವರಿದ್ದೀರಾ?

ಪ್ರಶ್ನೆ: ನಾನು ಮಂಡ್ಯದವನು, 27 ವರ್ಷ. ಒಸಿಡಿ, ಅಂದರೆ ಗೀಳು ಕಾಯಿಲೆ ಇದೆ ಎಂದು ವೈದ್ಯರು ಹೇಳಿ ಒಂದೂವರೆ ತಿಂಗಳಾಯಿತು. ಬೀಗ, ಗ್ಯಾಸ್ ಮತ್ತೆ ಮತ್ತೆ ನೋಡುವುದರಲ್ಲೇ ಬೆಳಗಿನ ರೈಲು ತಪ್ಪುತ್ತದೆ. ಮಾತ್ರೆ ಬಿಟ್ಟು ಧ್ಯಾನ ಮಾಡಿದರೆ ಸಾಕೇ?

ಮೈಸೂರಿನಿಂದ: ಮಾತ್ರೆ ಬಿಡಬೇಡಿ, ಉಳಿದದ್ದು ಆಮೇಲೆ. ನನ್ನದು ಕೈ ತೊಳೆಯುವ ಗೀಳು. ಮನೆಯಲ್ಲಿ ಆರು ವರ್ಷ ಅದನ್ನು ಮಡಿ ಎಂದೇ ತಿಳಿದಿದ್ದರು. ಅಜ್ಜಿಗಂತೂ ಮೊಮ್ಮಗಳ ಆಚಾರದ ಬಗ್ಗೆ ಹೆಮ್ಮೆ! ಅಂಗೈ ಬಿರಿದು ರಕ್ತ ಬಂದ ಮೇಲೆ ಆಸ್ಪತ್ರೆಗೆ ಹೋದೆವು. ಗೀಳಿಗೆ ಕೊಟ್ಟ ಸರ್ಟ್ರಾಲಿನ್ ಮಾತ್ರೆ ಪರಿಣಾಮ ತೋರಲು ನನಗೆ ಹತ್ತು ವಾರ ಬೇಕಾಯಿತು. ಈಗಲೇ ತೀರ್ಪು ಕೊಡಬೇಡಿ.

ಧ್ಯಾನದಲ್ಲಿ ನಾನು ಮೊದಲು ಎಡವಿದೆ. ಜಪಮಾಲೆ ಹಿಡಿದು 108 ಎಣಿಸುತ್ತಿದ್ದೆ. ಒಂದು ಮಣಿ ತಪ್ಪಿತೇನೋ ಎಂಬ ಅನುಮಾನ ಬಂದರೆ ಮತ್ತೆ ಮೊದಲಿನಿಂದ. ನಲ್ಲಿಯ ಮುಂದೆ ಉಳಿತಾಯವಾದ ಒಂದು ಗಂಟೆಗೆ ದೇವರ ಮನೆಯಲ್ಲಿ ಎರಡು ಗಂಟೆ ತೆರುತ್ತಿದ್ದೆ. ಮನಶ್ಶಾಸ್ತ್ರಜ್ಞೆ ಮಾಲೆಯನ್ನು ತೆಗೆದಿರಿಸಲು ಹೇಳಿದರು.

ಈಗ ಕುಕ್ಕರಹಳ್ಳಿ ಕೆರೆಯ ಬಳಿ ಹದಿನೈದು ನಿಮಿಷ ಸುಮ್ಮನೆ ಕೂರುತ್ತೇನೆ. ಕೈ ಕೊಳೆಯಾಗಿದೆ ಎಂಬ ಯೋಚನೆ ಬರುತ್ತದೆ. ಅದನ್ನು ಓಡಿಸುವುದಿಲ್ಲ, ಅದರೊಂದಿಗೆ ವಾದಕ್ಕೂ ಇಳಿಯುವುದಿಲ್ಲ. ಇದು ಉಪಯೋಗಕ್ಕೆ ಬಂದದ್ದು ಇಆರ್‌ಪಿ, ಅಂದರೆ ಅಂಜಿಕೆಯನ್ನು ಎದುರಿಸಿ ಗೀಳಿನ ಕೆಲಸ ಮಾಡದೆ ಇರುವುದನ್ನು ಕಲಿಸುವ ಚಿಕಿತ್ಸೆಯಲ್ಲಿ. ಅಲ್ಲಿ ಬಾಗಿಲ ಹಿಡಿ ಮುಟ್ಟಿಸಿ, ಕೈ ತೊಳೆಯದಂತೆ ಕೂರಿಸುತ್ತಾರೆ. ಎದೆ ಹೊಡೆದುಕೊಳ್ಳುತ್ತಿದ್ದರೂ ಏಳದೆ ಕೂರುವುದು ಕೆರೆಯ ಬಳಿ ರೂಢಿಯಾಗಿತ್ತು. ಆದರೆ ಕಳವಳ ಇಳಿಯಲೆಂದೇ ಆಗ ಉಸಿರು ಎಣಿಸತೊಡಗಿದರೆ ಅದೂ ನೀರಿಲ್ಲದ ಕೈ ತೊಳೆತವೇ. ಇದು ಅರ್ಥವಾಗಲು ನನಗೆ ವರ್ಷ ಹಿಡಿಯಿತು.

ಇನ್ನೊಬ್ಬರು, ಮೈಸೂರು: ನನ್ನದು ಎಣಿಕೆಯ ಗೀಳು. ಚಾಮುಂಡಿ ಬೆಟ್ಟದ ಮೆಟ್ಟಿಲ ಲೆಕ್ಕ ತಪ್ಪಿತೆಂದು ನಂದಿಯವರೆಗೆ ಹತ್ತಿದವನು ಪುನಃ ಕೆಳಗಿಳಿದಿದ್ದೇನೆ. ನಂದಿ ಇರುವುದು ಸುಮಾರು 700ನೇ ಮೆಟ್ಟಿಲ ಬಳಿ, ಮಂಡಿಗೆ ಗೊತ್ತು. ಈಗ ಬೇಕೆಂದೇ ಲೆಕ್ಕ ತಪ್ಪಿಸುತ್ತೇನೆ. ಹತ್ತು ದಿನದ ಮೌನ ಶಿಬಿರಕ್ಕೆ ಮಾತ್ರ ವೈದ್ಯರನ್ನು ಕೇಳದೆ ಹೋಗಬೇಡಿ. ದಿನವಿಡೀ ಯೋಚನೆಗಳ ಬಾಯಿಗೆ ಸಿಕ್ಕಿ ನಾನು ನಾಲ್ಕನೇ ದಿನ ಗಂಟುಮೂಟೆ ಕಟ್ಟಿದೆ.

ಮಂಡ್ಯದಿಂದ: ನಿಮ್ಮ ಮನೆಯವರಿಗೂ ಇದನ್ನು ಓದಿಸಿ. ನನ್ನ ಪತಿಗೆ ನಿಮ್ಮಂತೆಯೇ ಬೀಗದ ಚಿಂತೆ. ಕೇಳಿದಾಗಲೆಲ್ಲ "ಹಾಕಿದೆ, ಹಾಕಿದೆ" ಎನ್ನುತ್ತಿದ್ದೆ. ಆ ಸಮಾಧಾನವೇ ಗೀಳಿಗೆ ಮೇವು ಎಂದರು ವೈದ್ಯರು. ಅವರ ಸಲಹೆಯಂತೆ, ಪತಿಯ ಒಪ್ಪಿಗೆ ಪಡೆದೇ, "ಇದಕ್ಕೆ ಉತ್ತರ ಹೇಳುವುದಿಲ್ಲ, ಹೊರಡಿ" ಎನ್ನತೊಡಗಿದೆ. ಮೊದಲ ವಾರವೆಲ್ಲ ಜಗಳ. ತೀರಾ ಕಷ್ಟವಾದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದ್ದೆವು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಿದರು. ಮೊನ್ನೆ ಸೋಮವಾರ ಮದ್ದೂರು ದಾಟಿದ ಮೇಲೆ ಪತಿ ರೈಲಿನಿಂದ ಫೋನ್ ಮಾಡಿದ್ದರು. ಬೀಗದ ಮಾತು ಒಂದೇ ಸಲ ಬಂತು. ಆಮೇಲೆ ವಡೆ ತಣ್ಣಗಿತ್ತೆಂದು ದೂರಿದರು.