ನೆಲದ ಮೇಲಿನ ಈಜುಕೊಳ ಸೋರುತ್ತಿದೆ: ನೀರು ಖಾಲಿ ಮಾಡದೆ ತೂತು ಪತ್ತೆ ಮಾಡಬಹುದೇ?

ಪ್ರಶ್ನೆ (ಯಲಹಂಕದಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ಮನೆಯ ಹಿಂದಿನ ಜಾಗದಲ್ಲಿ, ಕಬ್ಬಿಣದ ಚೌಕಟ್ಟಿಗೆ ಪಿವಿಸಿ ಶೀಟು ಬಿಗಿದು ನಿಲ್ಲಿಸುವ ಬಗೆಯ ದುಂಡನೆಯ ಈಜುಕೊಳವೊಂದನ್ನು ಮಕ್ಕಳಿಗಾಗಿ ಹಾಕಿಸಿದೆವು. ಅಗಲ 12 ಅಡಿ, ಎತ್ತರ 30 ಇಂಚು. ಸುಮಾರು 6,500 ಲೀಟರ್ ನೀರು ಹಿಡಿಯುತ್ತದೆ. ಹತ್ತು ದಿನಗಳಿಂದ ದಿನಕ್ಕೆ ಸುಮಾರು ಒಂದು ಇಂಚು ನೀರು ಇಳಿಯುತ್ತಿದೆ. ಸುತ್ತಲಿನ ಗೋಡೆ ಹೊರಗಿನಿಂದ ಒಣಗಿಯೇ ಇದೆ, ಪಂಪಿನ ಬಳಿಯೂ ತೇವ ಕಾಣುವುದಿಲ್ಲ. ಅಂಗಡಿಯವರು ನೀರೆಲ್ಲ ಖಾಲಿ ಮಾಡಿ ಹೊಸ ಲೈನರ್ (ನೀರು ಹಿಡಿದಿಡುವ ಪಿವಿಸಿ ಶೀಟು) ಹಾಕಿಸಿ ಎನ್ನುತ್ತಾರೆ. 2024ರ ಮಾರ್ಚಿನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ ದಿನಗಳನ್ನು ಕಂಡಿರುವ ನನಗೆ, ಇಷ್ಟು ನೀರನ್ನು ಮೋರಿಗೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಕೊಳವನ್ನು ತಾರಸಿಗೆ ಸಾಗಿಸಿದರೆ ಹೇಗೆ ಎಂದೂ ಮನೆಯಲ್ಲಿ ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 (ಕೊಳಗಳ ನಿರ್ವಹಣೆಯ ಕೆಲಸ ಮಾಡುವವರು)

ಸರ್, ನೀರು ಖಾಲಿ ಮಾಡುವ ಮಾತು ಸದ್ಯಕ್ಕೆ ಬೇಡ. ಖಾಲಿ ಮಾಡಿದರೆ ತೂತು ಹುಡುಕುವುದು ಇನ್ನೂ ಕಷ್ಟ, ಏಕೆಂದರೆ ತೂತಿನ ಗುರುತು ಹೇಳುವುದೇ ಅದರೊಳಕ್ಕೆ ನುಗ್ಗುವ ನೀರು.

ಮೊದಲು ಇಳಿಯುತ್ತಿರುವ ನೀರಿನಲ್ಲಿ ಆವಿಯಾಗುವುದೆಷ್ಟು, ಸೋರುವುದೆಷ್ಟು ಎಂದು ಬೇರ್ಪಡಿಸಿಕೊಳ್ಳಿ. ಕೊಳದೊಳಗೆ ಒಂದು ಪ್ಲಾಸ್ಟಿಕ್ ಸ್ಟೂಲನ್ನಿಟ್ಟು, ಅದರ ಕಾಲಿನ ಕೆಳಗೆ ಮಡಿಸಿದ ದಪ್ಪ ಬಟ್ಟೆ ಹಾಕಿ, ಮೇಲೊಂದು ಬಕೆಟ್ ಇಡಿ. ಬಕೆಟ್ಟಿನೊಳಗಿನ ನೀರು ಹೊರಗಿನ ನೀರಿನ ಮಟ್ಟಕ್ಕೇ ಬರುವಂತೆ ತುಂಬಿಸಿ, ಒಳಗೂ ಹೊರಗೂ ಮಾರ್ಕರಿನಿಂದ ಗೆರೆ ಎಳೆಯಿರಿ. ಪಂಪು ನಿಲ್ಲಿಸಿ, ಯಾರೂ ಇಳಿಯದಂತೆ 24 ಗಂಟೆ ಬಿಟ್ಟು ನೋಡಿ. ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲಿನ ಕೆಲಸ. ಹೊರಗಿನದು ಹೆಚ್ಚು ಇಳಿದಿದ್ದರೆ ಸೋರಿಕೆ. ಮರುದಿನ ಪಂಪು ಓಡಿಸಿ ಇದನ್ನೇ ಮಾಡಿ. ಆಗ ಮಾತ್ರ ಹೆಚ್ಚು ಇಳಿದರೆ ಹೋಸ್ ಪೈಪಿನ ಕ್ಲಾಂಪ್, ವಾಷರ್‌ಗಳನ್ನು ನೋಡಬೇಕು. ತಮ್ಮ ಕೊಳದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 105 ಲೀಟರ್ ಎಂಬುದು ನೆನಪಿರಲಿ.

ಗೋಡೆ ಒಣಗಿದೆ ಎಂದಿರುವುದರಿಂದ ನನ್ನ ಅನುಮಾನ ತಳದ ಮೇಲೆಯೇ. ನೀರು ಅಲುಗಾಡದಿರುವಾಗ, ಸೂಜಿ ತೆಗೆದ ಸಿರಿಂಜಿನಲ್ಲಿ ಅಡುಗೆಗೆ ಬಳಸುವ ಕೆಂಪು ಬಣ್ಣವನ್ನು ತುಂಬಿಕೊಂಡು, ಅನುಮಾನವಿರುವ ಜಾಗದ ಹತ್ತಿರ ಒಂದೊಂದೇ ಹನಿ ಬಿಡಿ. ಉಳಿದೆಡೆ ಬಣ್ಣ ಹೊಗೆಯಂತೆ ಹರಡುತ್ತದೆ, ತೂತಿರುವಲ್ಲಿ ಎಳೆಯಾಗಿ ಒಳಕ್ಕೆ ಜಾರುತ್ತದೆ.

ತೇಪೆಗೆ ಪಿವಿಸಿ ತುಂಡನ್ನೂ ನೀರಿನಡಿಯಲ್ಲಿ ಹಿಡಿಯುವ ವಿನೈಲ್ ಅಂಟನ್ನೂ ತನ್ನಿ. ತೂತಿಗಿಂತ ಎಲ್ಲ ಕಡೆಗೂ ಎರಡು ಇಂಚು ದೊಡ್ಡದಾಗಿ, ಮೂಲೆಗಳಿಲ್ಲದಂತೆ ದುಂಡಗೆ ಕತ್ತರಿಸಿ. ಮೂಲೆಯಿದ್ದರೆ ಅಲ್ಲಿಂದಲೇ ಏಳುತ್ತದೆ. ಆ ಜಾಗದ ಪಾಚಿಯನ್ನು ಮೆತ್ತನೆಯ ಬಟ್ಟೆಯಿಂದ ಉಜ್ಜಿ ತೆಗೆದು, ಅಂಟು ಸವರಿದ ತುಂಡನ್ನು ಮಡಿಸಿ ನೀರಿಗಿಳಿಸಿ, ಅಲ್ಲಿ ಬಿಡಿಸಿ ಒತ್ತಿ, ನಡುವಿನಿಂದ ಅಂಚಿನ ಕಡೆಗೆ ಗುಳ್ಳೆಗಳನ್ನು ತಳ್ಳಿ. ಒಂದು ದಿನ ಮುಟ್ಟಬೇಡಿ. ಎಂ-ಸೀಲ್ ಹಚ್ಚಬೇಡಿ: ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಶೀಟು ಬಾಗುತ್ತಲೇ ಇರುತ್ತದೆ. ಸೈಕಲ್ ಪಂಕ್ಚರಿನ ಸೊಲ್ಯೂಷನ್ ರಬ್ಬರಿಗಾಗಿ ಇರುವುದು, ಪಿವಿಸಿಗೆ ಸರಿಯಾಗಿ ಹಿಡಿಯುವುದಿಲ್ಲ.

ಉತ್ತರ 2 (ಕೆಂಗೇರಿಯಿಂದ)

ಮೇಲಿನ ಉತ್ತರಕ್ಕೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ. ನಮ್ಮ ಕೊಳದ ತಳದಲ್ಲಿ ಒಂದೇ ತಿಂಗಳಲ್ಲಿ ಮೂರು ತೂತುಗಳಾದವು. ಪ್ರತಿ ಬಾರಿ ತೇಪೆ ಹಚ್ಚಿದೆವು, ಪಕ್ಕದಲ್ಲೇ ಇನ್ನೊಂದು ಏಳುತ್ತಿತ್ತು. ಇಲಿ ಕಡಿದಿರಬೇಕೆಂದುಕೊಂಡಿದ್ದೆವು. ಕೊನೆಗೆ ಶೀಟನ್ನು ಮೇಲೆತ್ತಿ ನೋಡಿದರೆ ಬಿಳಿಚಿಕೊಂಡ ಕೊನ್ನಾರಿ ಗಡ್ಡೆಯ ಮೊಳಕೆಗಳು, ದಬ್ಬಣದ ತುದಿಯಷ್ಟು ಚೂಪಾಗಿ, ಅಡಿಯಲ್ಲಿ ಹಾಸಿದ್ದ ಟಾರ್ಪಾಲನ್ನೂ ತೂರಿಕೊಂಡು ನಿಂತಿದ್ದವು. ಮೇಲಿನ ಹುಲ್ಲನ್ನು ಕಿತ್ತರೆ ಸಾಲದು, ಗಡ್ಡೆ ಮಣ್ಣಿನೊಳಗೆ ಉಳಿದು ಮತ್ತೆ ಚಿಗುರುತ್ತದೆ. ನಾವು ಒಂದು ಅಡಿ ಆಳ ಅಗೆಸಿ, ಗಡ್ಡೆಗಳನ್ನು ಆರಿಸಿ ತೆಗೆಸಿ, ಮಟ್ಟ ಮಾಡಿಸಿ ಬೆಣಚುಕಲ್ಲಿನ ಚೂರಿಲ್ಲದ ಜರಡಿ ಹಿಡಿದ ಮರಳು ಹಾಕಿಸಿದೆವು. ಕ್ಲೋರಿನ್ ಮಾತ್ರೆಯನ್ನು ನೇರವಾಗಿ ನೀರಿಗೆ ಎಸೆಯುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ. ತಳದಲ್ಲಿ ಕುಳಿತು ಕರಗುವಾಗ ಆ ಜಾಗದ ಶೀಟು ಬಿಳುಪೇರಿ ಪೆಡಸಾಗುತ್ತದೆ.

ಉತ್ತರ 3 (ಸಿವಿಲ್ ಎಂಜಿನಿಯರ್)

ತಾರಸಿಯ ಬಗ್ಗೆ ಮಾತ್ರ ಹೇಳುತ್ತೇನೆ. ಎರಡು ಅಡಿ ನೀರು ನಿಂತರೆ ಪ್ರತಿ ಚದರ ಮೀಟರಿಗೆ 600 ಕಿಲೋ ಭಾರ ಬೀಳುತ್ತದೆ. ಜನ ಓಡಾಡುವ ತಾರಸಿಗೆ, ಕಟ್ಟಡಗಳು ಹೊರಬೇಕಾದ ಭಾರವನ್ನು ಹೇಳುವ ಭಾರತೀಯ ಮಾನಕವಾದ ಐಎಸ್ 875 ಸಂಹಿತೆಯು ಸಾಮಾನ್ಯವಾಗಿ ಗಣಿಸುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಇದರ ಜೊತೆಗೆ ಸೋರುವ ನೀರು ಸ್ಲ್ಯಾಬಿನೊಳಗಿಳಿದರೆ ಸರಳುಗಳಿಗೆ ತುಕ್ಕು ಹಿಡಿಯುತ್ತದೆ. ದಯವಿಟ್ಟು ಆ ಯೋಚನೆಯನ್ನು ಬಿಟ್ಟುಬಿಡಿ. ನೆಲದ ಮೇಲೆಯೇ ಇದ್ದರೂ, ಸೋರಿಕೆ ಮುಂದುವರಿದಷ್ಟೂ ಅಡಿಯ ಮಣ್ಣು ಕೊಚ್ಚಿಹೋಗಿ ಟೊಳ್ಳಾಗುತ್ತದೆ, ಒಂದು ಕಡೆಯ ಕಾಲುಗಳು ಕುಸಿಯುತ್ತವೆ. ಆದ್ದರಿಂದ ತಡಮಾಡಬೇಡಿ.

ಪ್ರಶ್ನೆ ಕೇಳಿದವರಿಂದ, ಆರು ದಿನಗಳ ನಂತರ

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ಬಕೆಟ್ಟಿನಲ್ಲಿ ಅರ್ಧ ಸೆಂಟಿಮೀಟರ್, ಹೊರಗೆ ಎರಡೂವರೆ ಸೆಂಟಿಮೀಟರ್ ಇಳಿದಿತ್ತು. ಪಂಪು ಓಡಿಸಿದಾಗಲೂ ವ್ಯತ್ಯಾಸವಾಗಲಿಲ್ಲ. ಭಾನುವಾರ ಬೆಳಿಗ್ಗೆ ಗಾಳಿ ಏಳುವ ಮೊದಲೇ ನೀರಿಗಿಳಿದು, ತಳದ ಸುಕ್ಕುಗಳ ಉದ್ದಕ್ಕೂ ಬಣ್ಣ ಬಿಡುತ್ತ ಹೋದೆ. ಏಣಿಯ ಕಾಲು ಊರುವಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದೊಂದು ಸೀಳಿನೊಳಕ್ಕೆ ಕೆಂಪು ಎಳೆ ಇಳಿದುಹೋಯಿತು. ನೀವು ಹೇಳಿದಂತೆಯೇ ತೇಪೆ ಹಚ್ಚಿ, ಏಣಿಯ ಕಾಲಿನಡಿ ದಪ್ಪ ರಬ್ಬರ್ ಮ್ಯಾಟ್ ಹಾಸಿದೆ. ಕೊಳದ ಸುತ್ತ ಕೊನ್ನಾರಿ ಹುಲ್ಲು ನಮ್ಮಲ್ಲೂ ಇದೆ. ಬೇಸಿಗೆ ಮುಗಿದು ನೀರನ್ನು ಗಿಡಗಳಿಗೆ ಬಿಡುವಾಗ ಅಡಿಯನ್ನು ಅಗೆಸುತ್ತೇನೆ. ತಾರಸಿಯ ಮಾತನ್ನು ಮನೆಯವರೂ ಬಿಟ್ಟಿದ್ದಾರೆ. ನಿನ್ನೆ ಬಕೆಟ್ಟನ್ನು ಮತ್ತೆ ಇಟ್ಟಿದ್ದೆ. ಇಂದು ಬೆಳಿಗ್ಗೆ ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿತ್ತು.