ಸೋಲಾರ್ ಬಿಸಿನೀರಿನ ತಾಮ್ರದ ಪೈಪು ಸೋರಾಕತ್ತೈತಿ: ಯಾವ ಸೈಜ್ ಎಲ್ಬೋ, ಬೆಸುಗೆ ಹೆಂಗ?

ಗಂಗಾವತಿ_ಮನಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮಾಳಿಗಿ ಮ್ಯಾಲೆ ಹಳೇ ಫ್ಲಾಟ್ ಪ್ಲೇಟ್ ಸೋಲಾರ್ ಐತಿ, ಟ್ಯಾಂಕಿನಿಂದ ಕೆಳಗ ಬರೋ ಲೈನು ಪೂರಾ ತಾಮ್ರದ್ದು, ಬಚ್ಚಲದಾಗ ಮಾತ್ರ ಸಿಪಿವಿಸಿ (ಬಿಸಿನೀರು ತಡಿಯೋ ಪ್ಲಾಸ್ಟಿಕ್ ಪೈಪು). ಪ್ಯಾರಾಪೆಟ್ ಹತ್ರ ಒಂದು ಎಲ್ಬೋ (ಪೈಪು ತಿರುಗೋ ಮೂಲಿಯ ಫಿಟಿಂಗ್) ಸೋರಾಕತ್ತೈತಿ, ಸುತ್ತ ಹಸರು ಕಿಲುಬು. ಹೋದ ವರ್ಷ ಒಬ್ಬ ಪ್ಲಂಬರ್ ಎಪಾಕ್ಸಿ ಮೆತ್ತಿ ಹೋಗಿದ್ದ, ಈಗ ಅದೂ ಬಿಟ್ಟೈತಿ. ಇಲ್ಲಿ ಕೇಳಿದ್ರ ತಾಮ್ರದ ಕೆಲಸ ನಮಗ ಬರಂಗಿಲ್ರಿ, ಎಸಿ ಸ್ಪೇರ್ ಅಂಗಡಿಗೆ ಹೋಗ್ರಿ ಅಂತಾರ. ಅಲ್ಲಿಂದ ಅರ್ಧ ಇಂಚಿನ ಎಲ್ಬೋ ತಂದ್ರ ಪೈಪಿಗೆ ಏರವಲ್ದು. ಯಾವ ಸೈಜ್ ತರ್ಬೇಕು? ಟಿವಿ ರಿಪೇರಿಯವ್ರು ಬಳಸೋ ಸೋಲ್ಡರ್ ತಂತಿ ನಡಿತೈತೇನು?

ರಾಯಚೂರು_ಎಸಿ:
ಏರಂಗಿಲ್ರಿ, ಎಸಿ ಅಂಗಡಿ ಲೆಕ್ಕಾನ ಬ್ಯಾರೆ. ಎಸಿಯಾಗ ಅರ್ಧ ಇಂಚು ಅಂದ್ರ ಪೈಪಿನ ಹೊರಗಿನ ಅಳತಿ, 12.7 ಎಂಎಂ. ನೀರಿನ ತಾಮ್ರದ ಪೈಪು ಬಾಯಿಮಾತಿಗೆ ಅರ್ಧ ಇಂಚು ಅಂದ್ರೂ ಹೊರಗ 15 ಎಂಎಂ ಇರ್ತೈತಿ, ಇಲ್ಲಂದ್ರ ಅಮೆರಿಕದ ಸೈಜಾದ್ರ 15.88. ಈ 15.88 ಎಸಿಯವ್ರ 5/8 ಇಂಚಿನ ಸೈಜಿಗೆ ಸರಿ ಹೊಂದತೈತಿ. ಆದ್ರ 15ರ ಪೈಪಿಗೆ 5/8 ಎಲ್ಬೋ ಹಾಕಿದ್ರ ಲೊಡಲೊಡ ಅಂತೈತಿ, ಆ ಸಂದ್ಯಾಗ ಎಷ್ಟು ಬೆಸುಗೆ ಸುರಿದ್ರೂ ನಿಲ್ಲಂಗಿಲ್ಲ, ಯಾಕಂದ್ರ ಬೆಸುಗೆ ತಾನ ಒಳಗ ಎಳ್ಕೋಬೇಕಂದ್ರ ಸಂದು ಹತ್ರಹತ್ರ 0.1 ಎಂಎಂ ಅಷ್ಟ ಇರ್ಬೇಕು. ವರ್ನಿಯರ್ ಇಲ್ಲಂದ್ರ ಒಂದು ಕಾಗದದ ಪಟ್ಟಿ ಪೈಪಿಗೆ ಬಿಗಿಯಾಗಿ ಸುತ್ತಿ ಕೂಡೋ ಕಡೆ ಗೆರಿ ಹಾಕ್ರಿ, ಬಿಚ್ಚಿ ಸ್ಕೇಲ್ ಮ್ಯಾಲೆ ಇಡ್ರಿ. 47 ಎಂಎಂ ಬಂದ್ರ 15ರ ಪೈಪು, 50 ಬಂದ್ರ 5/8.

ಬಳ್ಳಾರಿ_ಪೈಪ್‌ಲೈನ್:
ಆ ಟಿವಿ ತಂತಿ ದಯವಿಟ್ಟು ಬೇಡ. ಅದು ಹೆಚ್ಚಾಗಿ 60/40, ಅಂದ್ರೆ ಅದ್ರಲ್ಲಿ ನೂರಕ್ಕೆ 40 ಸೀಸ. ಸ್ನಾನದ ನೀರೇ ಅಲ್ವಾ ಅಂತೀರ, ಆದ್ರೆ ಬಿಸಿನೀರು ಅಂತ ಅಡಿಗೆಮನೆಗೂ ಅದೇ ಚೊಂಬು ಹೋಗ್ತೈತೆ, ಮಕ್ಕಳಿರೋ ಮನೆಯಾದ್ರೆ ಸೀಸದ ವಿಷಯದಲ್ಲಿ ರಾಜಿನೇ ಬೇಡ. ತವರ-ತಾಮ್ರದ ಸೀಸ ಇಲ್ದಿರೋ ತಂತಿ ಕೇಳಿ, ಅದು 227 ಡಿಗ್ರಿಗೆ ಕರಗೋಕೆ ಶುರು ಆಗ್ತೈತೆ, ಸಾದಾ ಬ್ಯುಟೇನ್ ಟಾರ್ಚ್ ಸಾಕು. ಒಂದೇ ಮಾತು, ಜಾಯಿಂಟ್ ಪ್ಯಾನೆಲ್‌ಗೆ ಅಂಟಿಕೊಂಡಂಗೇ ಇದ್ರೆ ಈ ಮೆದು ಬೆಸುಗೆ ಹಾಕ್ಬೇಡಿ, ಬ್ರೇಜಿಂಗ್ (ಹೆಚ್ಚು ಕಾವಿನಲ್ಲಿ ಹಾಕೋ ಗಟ್ಟಿ ಬೆಸುಗೆ) ಮಾಡ್ಸಿ. ನೀರಿಲ್ದೆ ಖಾಲಿ ಇದ್ದಾಗ ನಮ್ಮ ಕಡೆ ಬಿಸಿಲಿಗೆ ಪ್ಯಾನೆಲ್ 150 ಡಿಗ್ರಿ ದಾಟಬಹುದು.

ತೋರಣಗಲ್ಲು_ಫಿಟ್ಟರ್:
ಎಪಾಕ್ಸಿ ಮೆತ್ತಿದ ಎಲ್ಬೋಕ್ಕೆ ಬೆಂಕಿ ಹಿಡೀಬ್ಯಾಡ್ರಿ, ಹೊಗಿ ಕೆಟ್ಟದು, ಮ್ಯಾಲೆ ಅಲ್ಲಿ ಬೆಸುಗೆನೂ ಹಿಡಿಯಂಗಿಲ್ಲ. ಎರಡೂ ಕಡೆ ಕತ್ತರಿಸಿ ತಗೀರಿ, ಪೈಪು ಗಿಡ್ಡ ಆಗ್ತೈತಿ, ಅದಕ್ಕ ಒಂದು ತುಂಡು ಪೈಪು, ಎರಡು ಕಪ್ಲಿಂಗ್ (ಪೈಪಿಗೆ ಪೈಪು ನೇರ ಕೂಡ್ಸೋ ಫಿಟಿಂಗ್) ಮೊದ್ಲ ತಂದಿಟ್ಕೊಳ್ರಿ. ಪೈಪ್ ಕಟ್ಟರ್‌ನಾಗ ಕತ್ತರಿಸಿ ಕತ್ತರಿಸಿದ ಅಂಚಿಗೆ ಒಳಗ ಏಳೋ ಚೂಪು ಮುಳ್ಳು ತಗೀರಿ, ಹೊರಗ ಎಮೆರಿ ಕಾಗದದಾಗ ತಾಮ್ರ ಹೊಸಾ ರೊಕ್ಕದಂಗ ಹೊಳೆಯೂತನ ಉಜ್ಜಿ, ಫಿಟಿಂಗಿನ ಒಳಗೂ ಉಜ್ಜಬೇಕು, ಆಮ್ಯಾಲೆ ಅಲ್ಲಿ ಬೆರಳು ಮುಟ್ಟಿಸಬಾರ್ದು. ಫ್ಲಕ್ಸ್ (ಬೆಸುಗೆ ಹಿಡಿಯಾಕ ಹಚ್ಚೋ ಪೇಸ್ಟ್) ತೆಳ್ಳಗ ಸವರಿ, ಕೂಡ್ಸಿ, ಒಮ್ಮೆ ತಿರುವಿ. ಈಗ ಬೆಂಕಿ ಫಿಟಿಂಗಿಗೆ ಹಿಡೀರಿ, ತಂತಿಗಲ್ಲ. ಫ್ಲಕ್ಸ್ ಗುಳ್ಳಿ ಎದ್ದು ಅಡಗಿದ ಮ್ಯಾಲೆ ಜ್ವಾಲಿ ಇಲ್ದಿರೋ ಕಡೆಯಿಂದ ತಂತಿ ಮುಟ್ಟಿಸಿದ್ರ ತಾನ ಕರಗಿ ಸರ್ರಂತ ಒಳಗ ಹೋಗ್ತೈತಿ, ಮ್ಯಾಲಮುಖ ಇದ್ರೂ ಏರ್ತೈತಿ. ಸುತ್ತ ಬೆಳ್ಳಿ ಉಂಗುರದಂಗ ಗೆರಿ ಕಂಡ್ರ ಸಾಕು. 15ರ ಪೈಪಿಗೆ 3 ಎಂಎಂ ದಪ್ಪದ ತಂತಿ ಸುಮಾರು 15 ಎಂಎಂ ಉದ್ದ ಹಿಡಿತೈತಿ, ಅದಕ್ಕಿಂತ ಭಾಳ ಹೋಗಾಕತ್ತಿದ್ರ ಒಳಗ ಹನಿ ಬಿದ್ದು ದಾರಿ ಕಟ್ತೈತಿ. ನೀರು ಸುರಿದು ಆರಿಸಬ್ಯಾಡ್ರಿ, ತಾನ ಆರ್ಲಿ. ಆಮ್ಯಾಲೆ ಹೊರಗಿನ ಫ್ಲಕ್ಸ್ ಒದ್ದಿ ಬಟ್ಟಿಲೆ ಒರೆಸಿ, ಒಳಗ ನೀರು ಬಿಟ್ಟು ತೊಳೀರಿ. ಉಳಿದ ಫ್ಲಕ್ಸೇ ನಾಳೆ ತಾಮ್ರ ತಿಂತೈತಿ.

ಗಂಗಾವತಿ_ಮನಿ:
ಕಾಗದ ಸುತ್ತಿ ನೋಡಿದ್ನ್ರಿ, 47 ಬಂತು. ಅಂದ್ರ 15 ಎಂಎಂ. ಜಾಯಿಂಟ್ ಪ್ಯಾನೆಲ್‌ನಿಂದ ದೂರನ ಐತಿ. ಆದ್ರ ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿದ್ರೂ ಸಣ್ಣಗ ಹನಿ ನಿಲ್ಲವಲ್ದು, ಏನ್ ಮಾಡ್ಲಿ?

ತೋರಣಗಲ್ಲು_ಫಿಟ್ಟರ್:
ಹನಿ ಬರೂತನ ಬೆಸುಗೆ ಆಗಂಗಿಲ್ರಿ. ಒಳಗ ನೀರಿದ್ದಷ್ಟೂ ಪೈಪು 100 ಡಿಗ್ರಿ ಮ್ಯಾಲೆ ಏರಂಗಿಲ್ಲ, ಬೆಸುಗೆ ಕರಗಾಕ 227 ಬೇಕು. ಟ್ಯಾಂಕ್ ಪೂರಾ ಖಾಲಿ ಮಾಡೋದಾದ್ರ ಮುಂಜಾನೆ ಬಿಸಿಲೇರೋ ಮೊದ್ಲ ಮಾಡ್ರಿ, ಕೆಳಗಿನ ನಲ್ಲಿ ತೆರೆದಿಟ್ಟು ಉಗಿಗೆ ದಾರಿ ಬಿಡ್ರಿ. ಗೇಟ್ ವಾಲ್ವ್ ಅವತ್ತ ಬದಲಿಸಿಬಿಡ್ರಿ.

ರಾಯಚೂರು_ಎಸಿ:
ಅಷ್ಟೆಲ್ಲ ಬ್ಯಾಡಂದ್ರ 15 ಎಂಎಂದು ಹಿತ್ತಾಳಿ ಕಂಪ್ರೆಷನ್ ಎಲ್ಬೋ ಹಾಕ್ರಿ, ಬೆಂಕಿನ ಬ್ಯಾಡ. ನಟ್ಟು, ಒಳಗಿನ ಹಿತ್ತಾಳಿ ಉಂಗುರ ಪೈಪಿಗೆ ಏರಿಸಿ ಕೈಲೆ ಬಿಗಿಯಾದ ಮ್ಯಾಲೆ ಪಾನಾದಾಗ ಸುಮಾರು ಒಂದು ಸುತ್ತು. ಮತ್ತ ಬಿಗಿದ್ರ ಉಂಗುರ ಪೈಪಿನಾಗ ಕಚ್ಚಿ ಕೆಡತೈತಿ. ಮಾಳಿಗಿ ಮ್ಯಾಲೆ ಕಣ್ಣಿಗೆ ಕಾಣೋ ಜಾಗಕ್ಕ ಇದು ಒಳ್ಳೇದು, ಗೋಡಿ ಒಳಗ ಹೋಗೋದಕ್ಕ ಮಾತ್ರ ಬೆಸುಗೆನ ಮಾಡ್ರಿ.

ಬಳ್ಳಾರಿ_ಪೈಪ್‌ಲೈನ್:
ಮುಂದೆ ಸಿಪಿವಿಸಿ ಕಡೆ ಬದಲಿಸೋದು ಬಂದ್ರೆ ತಾಮ್ರಕ್ಕೆ ಥ್ರೆಡ್ ಅಡಾಪ್ಟರ್ ಮೊದ್ಲು ಬೆಸೆದು, ಪೂರ್ತಿ ಆರಿದ ಮೇಲೆ ಸಿಪಿವಿಸಿ ಜೋಡಿಸಿ, ಇಲ್ಲಾಂದ್ರೆ ಅದು ಕರಗಿಬಿಡ್ತೈತೆ. ತಾಮ್ರ ಆದ್ಮೇಲೆ ಜಿಐ (ಸತು ಲೇಪದ ಕಬ್ಬಿಣದ) ಪೈಪ್ ಮಾತ್ರ ಎಲ್ಲೂ ಹಾಕಿಸ್ಕೋಬೇಡಿ, ತಾಮ್ರ ಮುಟ್ಟಿ ಬಂದ ನೀರು ಜಿಐ ಸತುವನ್ನ ಬೇಗ ತಿಂದು ತೂತು ಮಾಡ್ತೈತೆ.

ಗಂಗಾವತಿ_ಮನಿ:
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಕಂಪ್ರೆಷನ್ ಎಲ್ಬೋನ ತರ್ತೀನಿ, ಗಂಗಾವತ್ಯಾಗ ಸಿಗದಿದ್ರ ಹೊಸಪೇಟಿಗೆ ಹೋಗೋದೈತಿ, ಅಲ್ಲಿ ಕೇಳ್ತೀನಿ. ವಾಲ್ವ್ ಸೈತ ಅವತ್ತ ಬದಲಿಸ್ತೀವಿ.